ಚಿಕ್ಕಬಳ್ಳಾಪುರ–ಕೋಲಾರದಲ್ಲಿ ವೈನ್ ದ್ರಾಕ್ಷಿ: ಯಾವ ತಳಿ, ಯಾವ ಬೇರು, ಯಾವ ವಾರ ಕಟಿಂಗ್?

ಮಂಚೇನಹಳ್ಳಿ ತೋಟ:
ಚಪ್ಪರದ ಮೇಲಿರುವ ಬೆಂಗಳೂರು ಬ್ಲೂ ದ್ರಾಕ್ಷಿ 2 ಎಕರೆ ತೆಗೆದು ವೈನ್ ದ್ರಾಕ್ಷಿಗೆ ಹೋಗಬಹುದಾ ಅಂತ ಲೆಕ್ಕ ಹಾಕ್ತಿದ್ದೇವೆ. ಕೆಂಪು ಮರಳುಗೋಡು ಮಣ್ಣು, ಎರಡೂವರೆ ಅಡಿ ಕೆಳಗೆ ಗರಸು. ಒಂದೇ ಬೋರ್, ಗಂಟೆಗೆ ಸುಮಾರು 6,000 ಲೀಟರ್ ನೀರು. ಕೆಂಪು ವೈನ್ ತಳಿಗಳಲ್ಲಿ ಶಿರಾಜ್ ಹಾಕೋದಾ, ಕ್ಯಾಬರ್ನೆ ಸೊವಿನ್ಯಾನ್ ಹಾಕೋದಾ? ಹಳೇ ಬ್ಲೂ ಬುಡದ ಮೇಲೇ ಕಸಿ ಕಟ್ಟಿದರೆ ಎರಡು ವರ್ಷದ ಸಮಯ ಉಳಿಯುತ್ತಾ? ಎಕರೆಗೆ ಎಷ್ಟು ಟನ್ ನಂಬಬಹುದು?

ನಂದಿ ತಪ್ಪಲು:
ಪ್ರಶ್ನೆಗಳನ್ನು ಹಿಂದುಮುಂದು ಮಾಡಿಕೊಳ್ಳಿ. ಮೊದಲು ಕೊಳ್ಳುವವರು ಯಾರು, ಆಮೇಲೆ ಕಟಿಂಗ್ (ಬಳ್ಳಿ ಕತ್ತರಿಸೋದು) ಯಾವ ವಾರ, ಕೊನೆಗೆ ತಳಿ.

ಬ್ಲೂ ಹಣ್ಣನ್ನು ವೈನರಿ ಬೇಡ ಅಂದರೆ ಜ್ಯೂಸಿನವರು ತಗೋತಾರೆ, ಅವರೂ ಬೇಡ ಅಂದರೆ ಮಂಡಿಗೆ ಹೋಗುತ್ತೆ. ಶಿರಾಜ್ ಕಾಯಿ ಬಟಾಣಿಗಿಂತ ಸ್ವಲ್ಪ ದೊಡ್ಡದು, ತೊಗಲು ದಪ್ಪ, ಒಳಗೆ ಬೀಜ. ಮಂಡಿಯಲ್ಲಿ ಅದನ್ನು ಕೇಳೋರಿಲ್ಲ. ವೈನರಿ ಗೇಟಿನಿಂದ ವಾಪಸಾದ ಲೋಡ್ ಅಂದರೆ ಅವತ್ತೇ ನಷ್ಟ. ಹಾಗಾಗಿ ಬರಹದಲ್ಲಿ ಒಪ್ಪಂದ ಕೈಗೆ ಬರುವ ತನಕ ಒಂದು ಕಂಬವನ್ನೂ ನೆಡಬೇಡಿ.

ಈ ತಪ್ಪಲಿಗೆ ವೈನ್ ತಳಿ ಹೊಸದೇನಲ್ಲ. ದೊಡ್ಡಬಳ್ಳಾಪುರದ ಕಡೆ ಗ್ರೋವರ್ ತೋಟದಲ್ಲಿ ಫ್ರೆಂಚ್ ತಳಿಗಳ ನಾಟಿ ಶುರುವಾಗಿದ್ದು 1988ರಲ್ಲಿ, ಮೊದಲ ವೈನ್ ಬಂದಿದ್ದು 1992ರಲ್ಲಿ. ರಾಜ್ಯದ ವೈನ್ ನೀತಿ 2007ರದು. ನೆಲ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸು ಇರೋದರಿಂದ ಜನವರಿ ರಾತ್ರಿ 15 ಡಿಗ್ರಿ ಹತ್ತಿರ ಇಳಿಯುತ್ತೆ, ಕಾಯಲ್ಲಿ ಹುಳಿ ನಿಲ್ಲೋದು ಅದರಿಂದ. ನಮ್ಮ ತೊಂದರೆ ಚಳಿಯೂ ಅಲ್ಲ, ಬಿಸಿಲೂ ಅಲ್ಲ, ಸೆಪ್ಟೆಂಬರ್–ಅಕ್ಟೋಬರ್ ಮಳೆ. ನಮ್ಮ ಎರಡೂ ಜಿಲ್ಲೆಗೆ ವರ್ಷದ ದೊಡ್ಡ ಮಳೆ ಬೀಳೋದೇ ಆಗ.

ಸೆಪ್ಟೆಂಬರ್ 15ಕ್ಕೆ ಕಟಿಂಗ್ ಮಾಡಿದರೆ ಹೂ ಬರೋದು ಸುಮಾರು 35–40 ದಿನಕ್ಕೆ, ಅಂದರೆ ಅಕ್ಟೋಬರ್ 20–25ರ ಹೊತ್ತಿಗೆ. ಆ ಹೊತ್ತಿಗೆ ಮೂರು ದಿನ ಬಿಡದೆ ಮಳೆ ಹಿಡಿದರೆ ಡೌನಿ (ಮಳೆಗೆ ಬರುವ ಶಿಲೀಂಧ್ರ ರೋಗ) ಎಲೆ ಬಿಟ್ಟು ನೇರ ಗೊನೆಗೆ ಬರುತ್ತೆ, ಆ ವರ್ಷದ ಬೆಳೆ ಅಲ್ಲಿಗೆ ಮುಗೀತು. ಮಳೆಗೆ ಹೆದರಿ ನವೆಂಬರ್ 10ರ ತನಕ ತಳ್ಳಿದರೆ ಹಣ್ಣಾಗೋದು ಮಾರ್ಚ್ ಕೊನೆ, ಏಪ್ರಿಲ್. ಹಗಲು 34–35 ಡಿಗ್ರಿ, ಸಿಹಿ ಏರುತ್ತೆ, ಹುಳಿ ಕುಸಿಯುತ್ತೆ, ಮೇಲಿಂದ ಆಲಿಕಲ್ಲು ಮಳೆಯ ಭಯ. ಅಕ್ಟೋಬರ್ 5ರಿಂದ 20ರೊಳಗಿನ ಆ ಎರಡು ವಾರದಲ್ಲೇ ಎಲ್ಲಾ ಹೊಂದಿಸಬೇಕು. ಆಗ ಹೂ ನವೆಂಬರ್ ಎರಡನೇ ವಾರದಿಂದ ಕೊನೆವರೆಗೆ, ಕೊಯ್ಲು ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯಕ್ಕೆ.

ಈಗ ತಳಿ ನೋಡಿ. ಬಿಳಿ ವೈನಿನ ಸೊವಿನ್ಯಾನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಕಟಿಂಗ್ ಆಗಿ ಸುಮಾರು 120–130 ದಿನಕ್ಕೆ ಬರುತ್ತವೆ. ಶಿರಾಜ್ 135–145, ಕ್ಯಾಬರ್ನೆ 150 ದಾಟುತ್ತೆ. ತಡವಾಗಿ ಕಟಿಂಗ್ ಮಾಡುವ ಜಾಗಕ್ಕೆ ಕ್ಯಾಬರ್ನೆ ಹಾಕಿದರೆ ಏಪ್ರಿಲ್ ಬಿಸಿಲಿಗೆ ಸಿಗುತ್ತೆ. ನೀರು ನಿಲ್ಲದ, ಗಾಳಿ ಆಡುವ ಇಳಿಜಾರಿದ್ದರೆ ಮಾತ್ರ ಅಕ್ಟೋಬರ್ ಮೊದಲ ವಾರ ಧೈರ್ಯವಾಗಿ ಕತ್ತರಿ ಹಿಡಿಯಬಹುದು, ಅಂಥ ಕಡೆ ಕ್ಯಾಬರ್ನೆ ಸರಿ. ತಗ್ಗು ಹೊಲಕ್ಕೆ ಶಿರಾಜ್.

ಇಳುವರಿ ಬಗ್ಗೆ ಒಂದು ಮಾತು. ಬ್ಲೂ ಚಪ್ಪರದ ಟನ್ನನ್ನು ಮರೆತುಬಿಡಿ. ಕೆಂಪು ವೈನ್‌ಗೆ ಎಕರೆಗೆ 3–4 ಟನ್, ಬಿಳಿಗೆ 4–5. ಅದಕ್ಕಿಂತ ಜಾಸ್ತಿ ತೆಗೆದರೆ ಬ್ರಿಕ್ಸ್ (ರಸದ ಸಿಹಿ ಅಳೆಯುವ ಅಂಕ) ಬರಲ್ಲ, ಬಂದರೂ ಬಣ್ಣ ತೆಳು.

ಕಸಿಕತ್ತಿ:
ಹಳೇ ಬ್ಲೂ ಬುಡದ ಮೇಲೆ ಕಸಿ ಹಿಡಿಯುತ್ತೆ, ಆದರೂ ಬೇಡ. ಮೊದಲ ಕಾರಣ ಅಂತರ. ಚಪ್ಪರಕ್ಕೆ ನೆಟ್ಟ ಬಳ್ಳಿಗಳು ದೂರ ದೂರ ಇರುತ್ತವೆ, ವೈನ್ ತಳಿಗೆ ಬೇಕಾದ್ದು 8 ಅಡಿಗೆ 4 ಅಡಿ. ಹಳೇ ಬುಡ ಇಟ್ಟುಕೊಂಡರೆ ಎಕರೆಯಲ್ಲಿ ಮುಕ್ಕಾಲು ಜಾಗ ಖಾಲಿ. ಎರಡನೆಯದು, ಹಳೇ ಬಳ್ಳಿಯಲ್ಲಿ ಎಲೆಸುರುಳಿ ವೈರಸ್ ಇದ್ದರೆ ಬ್ಲೂ ಅದನ್ನು ತೋರಿಸದೆ ಇರಬಹುದು. ಕ್ಯಾಬರ್ನೆಗೆ ಬಂದಾಗ ಎಲೆ ಕೆಂಪಾಗಿ ಅಂಚು ಕೆಳಕ್ಕೆ ಸುತ್ತಿಕೊಳ್ಳುತ್ತೆ, ಹಣ್ಣು ಬಣ್ಣ ಕಟ್ಟೋದೇ ಇಲ್ಲ. ಅದಕ್ಕೆ ಔಷಧಿ ಇಲ್ಲ, ಕಿತ್ತು ಹಾಕೋದೊಂದೇ ದಾರಿ.

ಬೇರುಸಸಿ (ಕಸಿಗೆ ಬೇರು ಕೊಡುವ ಕೆಳಗಿನ ಗಿಡ) ವಿಷಯ. ಎಲ್ಲ ನರ್ಸರಿಯಲ್ಲೂ ಸುಲಭವಾಗಿ ಸಿಗೋದು ಡಾಗ್‌ರಿಡ್ಜ್. ಉಪ್ಪುನೀರು, ಬರ ಎರಡನ್ನೂ ತಡೆಯುತ್ತೆ ಅಂತ ತಿನ್ನುವ ದ್ರಾಕ್ಷಿಯವರು ಹಾಕ್ತಾರೆ. ವೈನ್ ತಳಿಗೆ ಅದರ ಜೋರು ಜಾಸ್ತಿ. ಬಳ್ಳಿ ಕಾಡು ಬೆಳೆದ ಹಾಗೆ ಬೆಳೆದು ಗೊನೆ ನೆರಳಿಗೆ ಬೀಳುತ್ತೆ. ಪೊಟ್ಯಾಷ್ ಜಾಸ್ತಿ ಎಳೆದು ಹಣ್ಣಿನ ಪಿಎಚ್ ಮೇಲೇರಿಸುತ್ತೆ, ಅಂದರೆ ಹುಳಿ ಇಳಿಸುತ್ತೆ. ನಿಮ್ಮ ಮಣ್ಣಿಗೆ, ನೀರು ಉಪ್ಪಿಲ್ಲ ಅಂದರೆ, 110ಆರ್ ಅನ್ನೋ ಬೇರುಸಸಿ ಸಾಕು. ನೀರಲ್ಲಿ ಉಪ್ಪಿನಂಶ ಇದ್ದರೆ 1103 ಪಾಲ್ಸೆನ್ ಕೇಳಿ.

ಕ್ರಮ ಹೀಗೆ: ಫೆಬ್ರವರಿಯಲ್ಲಿ ಬೇರುಸಸಿ ನಾಟಿ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕಾಂಡ ಪೆನ್ಸಿಲ್ ದಪ್ಪ ಆದಾಗ ನೆಲದಿಂದ ಒಂದಡಿ ಮೇಲೆ ಕತ್ತರಿಸಿ ನಡುವೆ ಒಂದೂವರೆ ಇಂಚು ಸೀಳು. ಎರಡು ಕಣ್ಣಿನ ಕಸಿಕಡ್ಡಿ, ಬುಡದಲ್ಲಿ ಎರಡೂ ಕಡೆ ಬೆಣೆಯಂತೆ ಚೆತ್ತಿ, ಸೀಳಿಗೆ ಇಳಿಸಿ. ಕಡ್ಡಿ ಸಣ್ಣದಿದ್ದರೆ ನಡುವೆ ಕೂರಿಸಬೇಡಿ, ಒಂದು ಕಡೆಗೆ ಸರಿಸಿ ಆ ಬದಿಯ ಹಸಿರು ಪದರ ಎರಡೂ ಒಂದಕ್ಕೊಂದು ತಾಗಬೇಕು. ಕಸಿ ಸೋಲೋದು ಹತ್ತರಲ್ಲಿ ಎಂಟು ಸಲ ಇಲ್ಲೇ. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಕೆಳಗಿಂದ ಮೇಲಕ್ಕೆ ಸುತ್ತಿ, ಮೇಲಿಂದ ಸುತ್ತಿದರೆ ಮಳೆನೀರು ಒಳಗೆ ಇಳಿಯುತ್ತೆ. 15 ದಿನಕ್ಕೆ ಕಣ್ಣು ಉಬ್ಬುತ್ತೆ. ಬುಡದಿಂದ ಬರುವ ಬೇರುಸಸಿಯ ಚಿಗುರನ್ನು ವಾರಕ್ಕೊಮ್ಮೆ ಕೈಯಲ್ಲೇ ಮುರಿಯಿರಿ. ಕಸಿ ಕಟ್ಟಿದ ಗಂಟನ್ನು ಮಣ್ಣಲ್ಲಿ ಹೂಳಲೇಬೇಡಿ, ಹೂಳಿದರೆ ಮೇಲಿನ ತಳಿಯೇ ಬೇರು ಬಿಟ್ಟು ಬೇರುಸಸಿ ಹಾಕಿದ್ದೇ ದಂಡ.

ತಿಕೋಟಾ ದ್ರಾಕ್ಷಿ:
ನಮ್ಮ ಕಡೆ ಇದಕ್ಕ ಚಾಟ್ನಿ ಅಂತೀವ್ರಿ. ಎಲ್ಲಾರೂ ಅಕ್ಟೋಬರ್ ಚಾಟ್ನಿ ಬಗ್ಗೆನ ಮಾತಾಡಾಕತ್ತೀರಿ, ಗೊನಿ ಹುಟ್ಟೂದು ಏಪ್ರಿಲ್ ಚಾಟ್ನಿಯೊಳಗ. ಏಪ್ರಿಲ್‌ದಾಗ ಒಂದೊಂದು ಕಣ್ಣು ಬಿಟ್ಟು ಕತ್ತರಿಸಿದ ಮ್ಯಾಲ 40ರಿಂದ 70 ದಿನದೊಳಗ ಕಣ್ಣಿನ ಒಳಗ ಮುಂದಿನ ಗೊನಿ ತಯಾರಾಗ್ತದ. ಆವಾಗ ಎಲಿ ಮ್ಯಾಲ ಎಲಿ ಬಿದ್ದು ಕಡ್ಡಿಗೆ ಬಿಸಿಲು ತಾಗಲಿಲ್ಲ ಅಂದ್ರ, ನೀರು–ಯೂರಿಯಾ ಜಾಸ್ತಿ ಕೊಟ್ರಿ ಅಂದ್ರ, ಅಕ್ಟೋಬರ್‌ದಾಗ ಬರೀ ಬಳ್ಳಿ ಬರ್ತದ, ಗೊನಿ ಬರೂದಿಲ್ಲ. ಬಳ್ಳಿಗೆ 10–12 ಕಡ್ಡಿ ಸಾಕು, ಉಳಿದದ್ದು ಮೇ ತಿಂಗಳದಾಗ ತೆಗೀರಿ.

ಅಕ್ಟೋಬರ್ ಚಾಟ್ನಿ ಆದ ಮ್ಯಾಲ 48 ತಾಸಿನೊಳಗ ಕಣ್ಣು ಒಡೆಸೋ ಹೈಡ್ರೋಜನ್ ಸೈನಮೈಡ್ ಹಚ್ಚಬೇಕು. 50 ಪರ್ಸೆಂಟಿಂದು ಲೀಟರ್ ನೀರಿಗೆ 30–40 ಮಿಲಿ, ಬಟ್ಟಿ ಸುತ್ತಿದ ಕಡ್ಡಿಲಿಂದ ಬಳ್ಳಿ ಕಣ್ಣಿಗೆ ಮಾತ್ರ. ಹಚ್ಚೋ ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಮತ್ತೊಂದು, ಇದನ್ನ ಕೆಲಸಗಾರರಿಗೆ ಮೊದಲs ಹೇಳಬೇಕು: ಹಿಂದಿನ ದಿನದಿಂದ ಹಿಡಿದು ಹಚ್ಚಿ ಕೆಲವು ದಿನ ಕಳಿಯೋ ತನಕ ಸೆರೆ ಮುಟ್ಟಂಗಿಲ್ಲ. ಮೈಯಾಗ ಈ ಔಷಧಿ ಇದ್ದಾಗ ಕುಡಿದ್ರ ಮುಖ ಕೆಂಪಾಗಿ, ಎದಿ ಬಡಿದು, ಉಸಿರು ಕಟ್ಟತದ. ದವಾಖಾನಿಗೆ ಒಯ್ಯೋ ಪರಿಸ್ಥಿತಿ ಬರ್ತದ.

ಮಂಚೇನಹಳ್ಳಿ ತೋಟ:
8×4 ಅಡಿಗೆ ಕಂಬ, ತಂತಿ ಎಷ್ಟು ಬೇಕು? ಚಪ್ಪರದ ಕಲ್ಲುಕಂಬ ಹಾಗೇ ಬಳಸಬಹುದಾ?

ನಂದಿ ತಪ್ಪಲು:
ಬಳಸಬಹುದು, ಕಿತ್ತು ಸಾಲಿಗೆ ತಂದು ನೆಟ್ಟರೆ. ಸಾಲಿನ ಎರಡು ತುದಿಗೆ ಅದೇ ಕಲ್ಲುಕಂಬ, ಹೊರಕ್ಕೆ ವಾಲಿಸಿ, ಹಿಂದೆ ಕಲ್ಲು ಹೂತು ತಂತಿಯಿಂದ ಎಳೆದು ಕಟ್ಟಿ. ತುದಿಕಂಬ ಸಡಿಲಾದರೆ ಇಡೀ ಸಾಲು ಜೋಲು ಬೀಳುತ್ತೆ.

ಎಕರೆ 43,560 ಚದರಡಿ, 32ರಿಂದ ಭಾಗಿಸಿದರೆ 1,361 ಬಳ್ಳಿ. ಸಾಲುಗಳ ಒಟ್ಟು ಉದ್ದ 5,445 ಅಡಿ, ಸುಮಾರು 1,660 ಮೀಟರ್. 16 ಅಡಿಗೊಂದು ಕಂಬ ಅಂದರೆ 340, ತುದಿಯವು ಬೇರೆ. ನೆಲದಿಂದ 3 ಅಡಿಗೆ ತೋಳು ಮಲಗಿಸುವ ತಂತಿ, 12 ಗೇಜ್. ಅದರ ಮೇಲೆ ಒಂದೊಂದು ಅಡಿಗೆ ಎರಡು ಜೋಡಿ ತಂತಿ, 14 ಗೇಜ್, ಚಿಗುರನ್ನು ನಡುವೆ ಸಿಕ್ಕಿಸಿ ನೇರ ಮೇಲಕ್ಕೆ ಬೆಳೆಸಲು. ತೂಕ 12 ಗೇಜ್ ಸುಮಾರು 71 ಕಿಲೋ, 14 ಗೇಜ್ ಸುಮಾರು 170 ಕಿಲೋ. ಬಿಗಿತಕ್ಕೆ, ವ್ಯರ್ಥಕ್ಕೆ ಶೇ. 5 ಸೇರಿಸಿಕೊಳ್ಳಿ.

ಸಾಲು ಉತ್ತರ–ದಕ್ಷಿಣ. ಕಾಯಿ ಕಡಲೆ ಗಾತ್ರ ಆದಾಗ ಗೊನೆ ಸುತ್ತಲಿನ ಎಲೆ ತೆಗೀಬೇಕು, ಪೂರ್ವದ ಕಡೆ ಮಾತ್ರ. ಬೆಳಗಿನ ಬಿಸಿಲು ಗೊನೆ ಒಣಗಿಸಿ ಬೂದಿರೋಗ ತಡೆಯುತ್ತೆ. ಪಶ್ಚಿಮದ ಎಲೆ ತೆಗೆದರೆ ಫೆಬ್ರವರಿ ಮಧ್ಯಾಹ್ನದ ಬಿಸಿಲಿಗೆ ಆ ಬದಿಯ ಕಾಯಿ ಕಂದಾಗಿ ಸುಟ್ಟು ಸುಕ್ಕುತ್ತೆ. ಕೂಲಿಯವರು ಎರಡೂ ಕಡೆ ಕಿತ್ತುಕೊಂಡೇ ಹೋಗ್ತಾರೆ, ಪಕ್ಕದಲ್ಲೇ ನಿಂತು ಹೇಳಬೇಕು.

ಗೊನೆ ಲೆಕ್ಕ: ಬಳ್ಳಿಗೆ 18 ಚಿಗುರು, ಚಿಗುರಿಗೆ ಸರಾಸರಿ ಒಂದೂವರೆ ಗೊನೆ, ಗೊನೆಗೆ 120 ಗ್ರಾಂ. ಬಳ್ಳಿಗೆ 3.2 ಕಿಲೋ, ಎಕರೆಗೆ 4.4 ಟನ್. ಕೆಂಪು ತಳಿಗೆ ಇದೂ ಜಾಸ್ತಿ, ಹಿಂದೆ ಬಿದ್ದ ಗೊನೆಗಳನ್ನು ಬಣ್ಣ ತಿರುಗುವಾಗ ಉದುರಿಸಿ.

ಕೋಲಾರ ಕೆಂಪುಮಣ್ಣು:
ನೀರಿನ ಲೆಕ್ಕ ನಾನು ಹೇಳ್ತೀನಿ. ಬಳ್ಳಿಗೆ ಗಂಟೆಗೆ 2 ಲೀಟರಿನ ಎರಡು ಡ್ರಿಪ್ಪರ್ ಹಾಕಿದರೆ ಎಕರೆಗೆ ಗಂಟೆಗೆ 5,444 ಲೀಟರ್. ನಿಮ್ಮ ಬೋರ್ ಒಂದು ಸಲಕ್ಕೆ ಒಂದು ಎಕರೆ ಓಡಿಸುತ್ತೆ, 4 ಲೀಟರಿನ ಡ್ರಿಪ್ಪರ್ ಹಾಕಿದರೆ ಸಾಲಿನ ತುದಿಗೆ ಒತ್ತಡವೇ ಬರಲ್ಲ. ಡಿಸೆಂಬರ್–ಜನವರಿಯಲ್ಲಿ ಬಳ್ಳಿಗೆ ದಿನಕ್ಕೆ 6–8 ಲೀಟರ್, ಅಂದರೆ ಒಂದೂವರೆಯಿಂದ ಎರಡು ಗಂಟೆ. ಬಣ್ಣ ತಿರುಗಿದ ಮೇಲೆ ಅರ್ಧಕ್ಕಿಳಿಸಿ. ಪೂರ್ತಿ ನಿಲ್ಲಿಸಬೇಡಿ. ನಿಮ್ಮಲ್ಲಿ ಎರಡೂವರೆ ಅಡಿಗೆ ಗರಸು, ಮಣ್ಣು ಹಿಡಿಯೋ ನೀರು ಕಡಿಮೆ. ನಿಲ್ಲಿಸಿದರೆ ಬುಡದ ಎಲೆ ಉದುರಿ ಕಾಯಿ ಸುಕ್ಕುತ್ತೆ. ಆಗ ಬ್ರಿಕ್ಸ್ ಏರಿದ ಹಾಗೆ ಕಾಣುತ್ತೆ, ಅದು ಹಣ್ಣಾಗಿದ್ದಲ್ಲ, ನೀರು ಆರಿದ್ದು.

ಬೋರ್ ನೀರನ್ನು ನಾಟಿಗೆ ಮೊದಲೇ ಪರೀಕ್ಷೆ ಮಾಡಿಸಿ. ಕೋಲಾರದವರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ಕಡೆಯವರಿಗೆ ಚಿಂತಾಮಣಿ ಹತ್ತಿರದ ಕುರುಬೂರು. ಉಪ್ಪಿನಂಶದ ಜೊತೆಗೆ ಸೋಡಿಯಂ, ಬೈಕಾರ್ಬೊನೇಟ್ ಕೇಳಿ ಬರೆಸಿಕೊಳ್ಳಿ. ಆಳದ ಬೋರ್‌ಗಳಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಡ್ರಿಪ್ಪರ್ ಬಾಯಿ ಬಿಳಿ ಕಟ್ಟುತ್ತೆ, ಚಿಗುರೆಲೆ ನರ ಹಸಿರಾಗಿ ನಡುವೆ ಹಳದಿ ಬರುತ್ತೆ. ಕಬ್ಬಿಣದ ಕೊರತೆ ಅಂತ ಫೆರಸ್ ಸಲ್ಫೇಟ್ ಸುರಿದು ಪ್ರಯೋಜನ ಇಲ್ಲ, ನೀರಿಗೆ ಆಮ್ಲ ಬೆರೆಸಿ ಪಿಎಚ್ 6.5ಕ್ಕೆ ತರಬೇಕು. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಕೆರೆ ಪಕ್ಕದಲ್ಲಿದೆ ಅಂತ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆ ಯೋಜನೆ ಇರೋದು ಅಂತರ್ಜಲ ಮರುಪೂರಣಕ್ಕೆ. ಕೆರೆ ತುಂಬಿದ ಮೇಲೆ ಬೋರ್ ನೀರಿನ ಗುಣ ಬದಲಾಗಿರಬಹುದು, ಹಳೇ ವರದಿ ನಂಬದೆ ಹೊಸದಾಗಿ ಮಾಡಿಸಿ.

ಒಂದು ಭಿನ್ನಾಭಿಪ್ರಾಯ. ಎರಡೂ ಎಕರೆ ಬ್ಲೂ ತೆಗೆಯೋದು ಬೇಡ. ಬೆಂಗಳೂರು ಬ್ಲೂಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ವರ್ಷಕ್ಕೆ ಎರಡು ಬೆಳೆ ಕೊಡುತ್ತೆ, ಚಿಬ್ಬುರೋಗವನ್ನು (ಆಂಥ್ರಾಕ್ನೋಸ್) ಚೆನ್ನಾಗಿ ತಡಕೊಳ್ಳುತ್ತೆ. ವೈನ್ ತಳಿ ಮೂರನೇ ವರ್ಷದ ತನಕ ಕಾಸು ಕೊಡಲ್ಲ.

ನಂದಿ ತಪ್ಪಲು:
ಒಪ್ಪಿದೆ. ಒಂದೇ ಎಕರೆಯಿಂದ ಶುರು ಮಾಡಲಿ. ಆದರೆ ಬ್ಲೂಗೆ ಮಾಡುವ ಸಿಂಪಡಣೆಯನ್ನೇ ಶಿರಾಜ್‌ಗೂ ಮಾಡಿದರೆ ಉಳಿಯಲ್ಲ, ಅದನ್ನು ಈಗಲೇ ಹೇಳ್ತೀನಿ. ಚಿಗುರು ನಾಲ್ಕು ಇಂಚು ಬೆಳೆದ ಮೇಲೆ ಒಂದು ದಿನದಲ್ಲಿ 10 ಮಿಲಿಮೀಟರ್ ಮಳೆ ಬಂತು ಅಂದರೆ ಡೌನಿ ಒಳಗೆ ಬಂತು ಅಂತಲೇ ಲೆಕ್ಕ. ಎಲೆ ಮೇಲೆ ಎಣ್ಣೆ ಮಚ್ಚೆ ಕಾಣೋದು ವಾರದ ಮೇಲೆ, ಆಗ ಕಾಯ್ದು ಹೊಡೆದರೆ ತಡವಾಯ್ತು. ಮಳೆಗೆ ಮುಂಚೆ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ. ಮಳೆ ನಿಂತ ಮಾರನೇ ದಿನ ಒಳಸೇರುವ ಔಷಧಿ. ಅದೇ ಗುಂಪಿನ ಔಷಧಿ ಸತತ ಎರಡು ಸಲ ಬೇಡ, ಶಿಲೀಂಧ್ರ ಬಗ್ಗದಂತಾಗುತ್ತೆ.

ಕಟಿಂಗ್ ಆದ ಕೂಡಲೇ ಕಾಂಡಕ್ಕೆ, ನೆಲಕ್ಕೆ ಶೇ. 1ರ ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತ 50 ಲೀಟರಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್‌ನಲ್ಲೇ. ಬೆರೆಸಿದ ಮೇಲೆ ತಿಕ್ಕಿ ಬೆಳ್ಳಗೆ ಮಾಡಿದ ಕುಡುಗೋಲನ್ನು ಒಂದು ನಿಮಿಷ ಅದ್ದಿ ತೆಗೀರಿ. ಅಲಗಿನ ಮೇಲೆ ಕೆಂಪು ತುಕ್ಕಿನ ಬಣ್ಣ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಹಾಗೇ ಹೊಡೆದರೆ ಚಿಗುರು ಸುಡುತ್ತೆ. ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಅಲಗು ಬೆಳ್ಳಗೆ ಉಳಿಯುವ ತನಕ ನೋಡಿ. ಕೂಡಿಸಿದ್ದನ್ನು ಅವತ್ತೇ ಮುಗಿಸಬೇಕು.

ಕಾಂಡ ಕೊರಕವನ್ನೂ ಮರೀಬೇಡಿ. ಬುಡದಲ್ಲಿ ಮರದ ಪುಡಿ ಬಿದ್ದಿದ್ದರೆ ಹುಳ ಒಳಗಿದೆ.

ಹುದುಗು:
ವೈನರಿಯ ಪ್ರಯೋಗಾಲಯದ ಕಡೆಯಿಂದ ಕೆಲವು ಮಾತು. ಹೆಚ್ಚಿನ ತಕರಾರು ಬರುವುದು ಬ್ರಿಕ್ಸ್‌ಗಲ್ಲ, ಗಂಧಕಕ್ಕೆ ಮತ್ತು ಪಿಎಚ್‌ಗೆ.

ಬೂದಿರೋಗಕ್ಕೆ ನೀರಿನಲ್ಲಿ ಬೆರೆಯುವ ಗಂಧಕ ಲೀಟರಿಗೆ 2 ಗ್ರಾಂ ಹೊಡೆಯುವುದು ಸರಿಯೇ. ಆದರೆ ಕೊಯ್ಲಿಗೆ ಒಂದು ತಿಂಗಳಿಗಿಂತ ಮುಂಚೆ ನಿಲ್ಲಿಸಿ. ಸಿಪ್ಪೆ ಮೇಲೆ ಉಳಿದ ಗಂಧಕವನ್ನು ಯೀಸ್ಟ್ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ, ಇಡೀ ಟ್ಯಾಂಕ್ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಕೆಂಪು ವೈನಿನಲ್ಲಿ ಹಣ್ಣು ಸಿಪ್ಪೆಯೊಂದಿಗೇ ಹುದುಗುವುದರಿಂದ ಪರಿಣಾಮ ಇನ್ನೂ ಜಾಸ್ತಿ. ಸೊವಿನ್ಯಾನ್ ಬ್ಲಾಂಕ್ ಬೆಳೆಯುವವರು ಕೊನೆಯ ಹಂತದಲ್ಲಿ ತಾಮ್ರವನ್ನೂ ಬಿಡಬೇಕು, ಆ ತಳಿಯ ಪರಿಮಳವನ್ನು ತಾಮ್ರ ಕಟ್ಟಿಹಾಕುತ್ತದೆ.

ತಳಿಗಳ ಬಗ್ಗೆ ಟ್ಯಾಂಕಿನ ಬದಿಯಿಂದ ಕಾಣುವುದು: ಸೊವಿನ್ಯಾನ್ ಬ್ಲಾಂಕ್, ಶೆನಿನ್ ಎರಡರದ್ದೂ ಗೊನೆ ಒತ್ತೊತ್ತಾಗಿರುತ್ತದೆ. ಜನವರಿಯಲ್ಲಿ ಅಕಾಲ ಮಳೆ ಬಂದರೆ ನಡುವಿನ ಕಾಯಿ ಒಡೆದು ಒಳಗಿನಿಂದ ಕೊಳೆಯುತ್ತದೆ, ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಶೆನಿನ್ ಹುಳಿ ಉಳಿಸಿಕೊಳ್ಳುತ್ತದೆ, ಹಾಗಾಗಿ ಹೊಸಬರಿಗೆ ಬಿಳಿಯಲ್ಲಿ ಅದು ಸುಲಭ. ವಿಯೋನಿಯೆ, ಟೆಂಪ್ರನಿಯೋ ಎರಡರಲ್ಲೂ ಹುಳಿ ಬೇಗ ಬೀಳುತ್ತದೆ, ಕೊಯ್ಲಿನಲ್ಲಿ ಮೂರು ದಿನ ತಡವಾದರೆ ಬೇರೆಯದೇ ಹಣ್ಣು. ಝಿನ್ಫಾಂಡೆಲ್‌ನ ಒಂದೇ ಗೊನೆಯಲ್ಲಿ ಒಣಗಿದ ಕಾಯಿ, ಹಸಿರು ಕಾಯಿ ಎರಡೂ ಇರುತ್ತವೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸೋಮ, ಅರ್ಕಾ ತೃಷ್ಣಾ ವೈನ್‌ಗೆಂದೇ ತಂದ ತಳಿಗಳು. ಅರ್ಕಾ ತೃಷ್ಣಾ ಬೆಂಗಳೂರು ಬ್ಲೂ ಮತ್ತು ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್‌ನ ಮಿಶ್ರತಳಿ. ಲೇಬಲ್ ಮೇಲೆ ಶಿರಾಜ್, ಕ್ಯಾಬರ್ನೆ ಎಂಬ ಹೆಸರೇ ಮಾರುವುದರಿಂದ ಅವನ್ನು ಕೇಳುವ ವೈನರಿ ಕಡಿಮೆ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ, ನಮ್ಮ ಹವೆಗೆ ಹುಟ್ಟಿದ ತಳಿಗೆ ಇನ್ನೊಂದು ಅವಕಾಶ ಸಿಗಬೇಕು.

ಕೊಯ್ಲಿನ ದಿನ ನಿರ್ಧರಿಸಲು ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರ್ ಒಂದೇ ಸಾಲದು. ಬಣ್ಣ ತಿರುಗಿ ಮೂರು ವಾರವಾದ ಮೇಲೆ ನಾಲ್ಕು ದಿನಕ್ಕೊಮ್ಮೆ, ಬೆಳಿಗ್ಗೆ ಅದೇ ಹೊತ್ತಿಗೆ, 100 ಕಾಯಿ ಆಯಿರಿ. ಅಂಚಿನ ಸಾಲು ಬಿಡಿ. ಸಾಲಿನ ಎರಡೂ ಬದಿಯಿಂದ, ಗೊನೆಯ ಮೇಲು, ನಡು, ತುದಿಯಿಂದ ಒಂದೊಂದು. ಕೈಗೆ ಎಟಕುವ ಬಿಸಿಲಿನ ಕಾಯನ್ನೇ ಕಿತ್ತರೆ ಬ್ರಿಕ್ಸ್ ಎರಡು ಅಂಕ ಜಾಸ್ತಿ ಬರುತ್ತದೆ. ಚೀಲದಲ್ಲಿ ಹಿಸುಕಿ ಬಟ್ಟೆಯಲ್ಲಿ ಸೋಸಿ. 10 ಮಿಲಿ ರಸಕ್ಕೆ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ಬ್ಯೂರೆಟ್‌ನಿಂದ ಹನಿಹನಿಯಾಗಿ ಬಿಡುತ್ತಾ ಪಿಎಚ್ 8.2 ಮುಟ್ಟಿದಾಗ ನಿಲ್ಲಿಸಿ. ಇಳಿದ ಮಿಲಿಯನ್ನು 0.75ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಹುಳಿ ಎಂದು ಬರುತ್ತದೆ. 8.4 ಮಿಲಿ ಇಳಿದರೆ 6.3 ಗ್ರಾಂ. ಕೆಂಪಿಗೆ ಬ್ರಿಕ್ಸ್ 22–24, ಪಿಎಚ್ 3.6 ದಾಟಬಾರದು. ಬಿಳಿಗೆ ಬ್ರಿಕ್ಸ್ 20–22, ಪಿಎಚ್ 3.3ರ ಹತ್ತಿರ. ಪಿಎಚ್ 3.8ಕ್ಕೆ ಹೋದ ಹಣ್ಣಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಬ್ಯಾಕ್ಟೀರಿಯಾ ಬೇಗ ಸೇರುತ್ತದೆ, ಗಂಧಕದ ಡೈಆಕ್ಸೈಡ್ ಎಷ್ಟು ಹಾಕಿದರೂ ಕೆಲಸ ಮಾಡುವುದಿಲ್ಲ.

ಕೊಯ್ಲು ಬೆಳಗಿನ 9 ಗಂಟೆಗೆ ಮುಗಿಯಬೇಕು. 20 ಕಿಲೋ ಕ್ರೇಟಿಗೆ 15–16 ಕಿಲೋ ಮಾತ್ರ. ಮೇಲಿನ ಕ್ರೇಟಿನ ಬುಡ ಹಣ್ಣಿಗೆ ತಾಗಿದರೆ ರಸ ಒಡೆದು ದಾರಿಯಲ್ಲೇ ಹುದುಗಲು ಶುರು.

ಕಸಿಕತ್ತಿ:
ಒಪ್ಪಂದದಲ್ಲಿ ಏನೇನು ಬರೆಸಬೇಕು ಅನ್ನೋದನ್ನೂ ಹೇಳಿ, ರೈತರು ಜಾರೋದು ಅಲ್ಲೇ.

ಹುದುಗು:
ಮೊದಲನೆಯದು, ತಿರಸ್ಕಾರದ ತೀರ್ಮಾನ ತೋಟದಲ್ಲೇ ಆಗಬೇಕು. ಕೊಯ್ಲಿಗೆ ಮೂರು ದಿನ ಮುಂಚೆ ಎರಡೂ ಕಡೆಯವರು ಸೇರಿ ಮಾದರಿ ತೆಗೆದು, ಅಂಕಿ ಬರೆದು, ಸಹಿ ಹಾಕಬೇಕು. ಆಮೇಲೆ ಗೇಟಿನಲ್ಲಿ ಕೊಳೆ ಮತ್ತು ಕಸ ಮಾತ್ರ ನೋಡಬಹುದು. ಬ್ರಿಕ್ಸ್ ಎಷ್ಟಿದ್ದರೆ ಎಷ್ಟು ದರ ಎನ್ನುವ ಮೆಟ್ಟಿಲು, ಪಿಎಚ್ ಮಿತಿ, ಎಕರೆಗೆ ಗರಿಷ್ಠ ಟನ್, ಸಾಗಣೆ ಯಾರದು, ಹಣ ಎಷ್ಟು ದಿನದೊಳಗೆ, ಇಷ್ಟೂ ಅಂಕಿಯಲ್ಲಿರಲಿ. ಕೊಯ್ಲಿನ ದಿನಾಂಕವನ್ನು ವೈನರಿ ಮುಂದೂಡಿದರೆ ಆ ದಿನಗಳಲ್ಲಿ ಕಡಿಮೆಯಾಗುವ ತೂಕದ ಹೊಣೆ ಯಾರದು ಎಂದೂ ಬರೆಸಿ. ಟ್ಯಾಂಕ್ ಖಾಲಿಯಿಲ್ಲವೆಂದು ವಾರ ತಳ್ಳಿದರೆ ಶಿರಾಜ್ ಸುಕ್ಕಿ ತೂಕ ಬಿಡುತ್ತದೆ. ಆ ತಳಿ ಹಣ್ಣಾದ ಮೇಲೆ ಕಾಯುವುದಿಲ್ಲ.

ಮಂಚೇನಹಳ್ಳಿ ತೋಟ:
ಹಾಗಾದರೆ 1 ಎಕರೆ, ತಗ್ಗಿನ ಭಾಗ, ಶಿರಾಜ್, 110ಆರ್ ಬೇರು. ಮೊದಲು ನೀರಿನ ವರದಿ, ಒಪ್ಪಂದ. ಬ್ಲೂ ಯಾವಾಗ ಕೀಳಬೇಕು? ಕಿತ್ತ ತಕ್ಷಣ ನೆಡಬಹುದಾ?

ನಂದಿ ತಪ್ಪಲು:
ತಕ್ಷಣ ಬೇಡ. ಬೇಸಿಗೆ ಬೆಳೆ ಇಳಿಸಿಕೊಂಡು ಏಪ್ರಿಲ್–ಮೇನಲ್ಲಿ ಜೆಸಿಬಿಯಿಂದ ಬೇರು ಸಮೇತ ತೆಗೆಸಿ. ಬೆರಳು ದಪ್ಪದ ಬೇರನ್ನೆಲ್ಲ ಆಯ್ದು ಸುಡಿ, ಉಳಿದ ಬೇರಲ್ಲಿ ಗಂಟುಹುಳ, ಹಿಟ್ಟುತಿಗಣೆ ಬದುಕಿರ್ತವೆ. ನೆಲವನ್ನು ಬಿಸಿಲಿಗೆ ಬಿಟ್ಟು, ಮುಂಗಾರಿಗೆ ಎಕರೆಗೆ 20 ಕಿಲೋ ಅಪ್ಸೆಣಬು ಚೆಲ್ಲಿ. 45–50 ದಿನಕ್ಕೆ, ಹೂ ಇನ್ನೂ ಮೊಗ್ಗಿರುವಾಗಲೇ ಮಗುಚಿ. ಹೂ ಅರಳಿದ ಮೇಲೆ ಕಾಂಡ ನಾರಾಗಿ ಬೇಗ ಕೊಳೆಯಲ್ಲ. ಆಮೇಲೆ ಹಿಂಗಾರಿಗೆ ಹುರುಳಿ ಹಾಕಿಕೊಳ್ಳಿ, ಜನವರಿಗೆ ಅದು ಮುಗಿಯುತ್ತೆ. ಬೇರುಸಸಿಗೆ ನರ್ಸರಿಯಲ್ಲಿ ಹೇಳೋದು ಮಾತ್ರ ಈಗಲೇ ಆಗಬೇಕು. 110ಆರ್ ಕೇಳಿದ ಕೂಡಲೇ ಸಿಗೋದಲ್ಲ, ಸಿಗಲಿಲ್ಲ ಅಂತ ಕೊನೇ ಗಳಿಗೆಯಲ್ಲಿ ಡಾಗ್‌ರಿಡ್ಜ್ ತಂದು ನೆಡೋರೇ ಜಾಸ್ತಿ. 1,361ಕ್ಕೆ ನೂರು ಜಾಸ್ತಿ ಹೇಳಿ, ಕಸಿ ಹಿಡಿಯದ ಜಾಗ ತುಂಬೋಕೆ ಬೇಕಾಗುತ್ತೆ.